ಕೆಂಪು ಬಾಷ್‌ನ ಎಂಟು ಗಂಟೆ

ಹೈವೇ ಪಕ್ಕದ ಡೀಸೆಲ್ ಪಂಪ್ ರಿಪೇರಿ ಅಂಗಡಿಯೊಂದರಲ್ಲಿ ಅರ್ಧ ಗಂಟೆ ನಿಂತು ನೋಡಿ. ಕಪ್ಪು ಹೊಗೆ ಕಾರುತ್ತಾ, ಮೈಲೇಜ್ ಕಳೆದುಕೊಂಡು ಬಂದ ಹಳೇ ಲಾರಿಯ ಇಂಜೆಕ್ಟರುಗಳು ಬೆಂಚಿನ ಮೇಲಿರುತ್ತವೆ. ಮೆಕ್ಯಾನಿಕ್ ಒಂದನ್ನು ಕೈಪಂಪಿನ ಟೆಸ್ಟರಿಗೆ ಸಿಕ್ಕಿಸಿ ಹಿಡಿ ಒತ್ತುತ್ತಾನೆ. ಗೇಜಿನ ಮುಳ್ಳು ಆ ಎಂಜಿನ್ನಿಗೆ ಗೊತ್ತುಮಾಡಿದ ಒತ್ತಡಕ್ಕೆ, ಅಂದಾಜು ಇನ್ನೂರು ಬಾರ್ ಆಸುಪಾಸಿಗೆ ಏರಿದಾಗ, ನಾಜಲ್ ಗರ್ರ್ ಅಂತ ಸದ್ದು ಮಾಡಿ ಡೀಸೆಲನ್ನು ಮಂಜಿನ ಹಾಗೆ ಉಗುಳಬೇಕು. ಒಂದು ತೂತು ಕಟ್ಟಿದ್ದರೂ ಮಂಜು ಒಂದೇ ಕಡೆ ವಾಲುತ್ತೆ. ಆಮೇಲೆ ಒತ್ತಡವನ್ನು ಸ್ವಲ್ಪ ಕೆಳಗಿಳಿಸಿ ಹತ್ತು ಸೆಕೆಂಡ್ ಹಿಡಿದರೆ ತುದಿಯಲ್ಲಿ ಹನಿ ಕಟ್ಟಬಾರದು. ಕಟ್ಟಿತೋ, ನಾಜಲ್ ಬದಲಾಯಿಸಬೇಕು. ಒತ್ತಡ ಮಾತ್ರ ಕಮ್ಮಿ ಇದ್ದರೆ ಸ್ಪ್ರಿಂಗಿನ ಮೇಲೆ ತೆಳ್ಳನೆಯ ಶಿಮ್ ಹಾಕಿ ಸರಿಮಾಡಬಹುದು. ಕೈ ಮಾತ್ರ ಅಡ್ಡ ಇಡಬೇಡಿ: ಆ ಮಂಜು ಚರ್ಮ ತೂರಿ ಒಳಗೆ ಹೋಗುತ್ತೆ.

ಎಂಜಿನಿಯರಿಂಗ್‌ನಲ್ಲಿ ನಾಲ್ಕು ವರ್ಷ ಇದನ್ನು ಚಿತ್ರ ಬರೆದು ಮಾರ್ಕ್ಸ್ ತಗೊಂಡವನು ನಾನು. ನಿಜವಾದ ನಾಜಲ್ ಉಗುಳಿದ್ದನ್ನು ನೋಡಿದ್ದು ಇಂಥ ಅಂಗಡಿಯಲ್ಲೇ. ಬೋರ್ಡಿನ ಮೇಲೆ ಹಳೇ ಅಕ್ಷರದಲ್ಲಿ ಮೈಕೋ ಅಂತಿತ್ತು. ಆ ಹೆಸರಿನ ಬೇರು ಹುಡುಕುತ್ತಾ ಹೋದರೆ ಜರ್ಮನಿಯ ಒಬ್ಬ ಗಡ್ಡದ ಮನುಷ್ಯ ಸಿಗುತ್ತಾನೆ.

ರಾಬರ್ಟ್ ಬಾಷ್ ಹುಟ್ಟಿದ್ದು 1861ರಲ್ಲಿ, ಉಲ್ಮ್ ಹತ್ತಿರದ ಆಲ್ಬೆಕ್ ಎಂಬ ಹಳ್ಳಿಯಲ್ಲಿ. ಹನ್ನೆರಡು ಮಕ್ಕಳಲ್ಲಿ ಹನ್ನೊಂದನೆಯವನು. ಅಪ್ಪ ಜಮೀನಿದ್ದ, ಛತ್ರ ನಡೆಸುತ್ತಿದ್ದ ಅನುಕೂಲಸ್ಥ. ಹುಡುಗ ಶಾಲೆ ಮುಗಿಸಿ ಸೂಕ್ಷ್ಮ ಯಂತ್ರಗಳ ಕಸುಬಿಗೆ ಸೇರಿದ. ಅಲ್ಲಿ ಯಜಮಾನ ಸರಿಯಾಗಿ ಏನನ್ನೂ ಕಲಿಸಲಿಲ್ಲ ಅನ್ನೋ ಸಿಟ್ಟು ಅವನಿಗೆ ಕೊನೇವರೆಗೂ ಇತ್ತು. ಮುಂದೆ 1913ರಲ್ಲಿ ತನ್ನ ಕಾರ್ಖಾನೆಯೊಳಗೇ ಕಲಿಕೆಯ ಹುಡುಗರಿಗೆ ಬೇರೆ ವರ್ಕ್‌ಶಾಪ್ ತೆರೆದಿದ್ದಕ್ಕೆ ಆ ಸಿಟ್ಟೂ ಕಾರಣ. ಅಮೆರಿಕದಲ್ಲಿ ಎಡಿಸನ್ ಕಂಪನಿಯಲ್ಲಿ, ಇಂಗ್ಲೆಂಡಿನಲ್ಲಿ ಸೀಮೆನ್ಸ್‌ನಲ್ಲಿ ದುಡಿದು ವಾಪಸ್ ಬಂದು, 1886ರ ನವೆಂಬರಿನಲ್ಲಿ ಸ್ಟುಟ್‌ಗಾರ್ಟಿನಲ್ಲಿ ಸ್ವಂತ ವರ್ಕ್‌ಶಾಪ್ ಹಾಕಿದ. ಅಪ್ಪನ ಆಸ್ತಿಯಿಂದ ಬಂದ 10,000 ಮಾರ್ಕ್ ಬಂಡವಾಳ, ಒಬ್ಬ ಮೆಕ್ಯಾನಿಕ್, ಒಬ್ಬ ಓಡಾಡುವ ಹುಡುಗ. ಪೆಟ್ರೋಲ್ ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋ ಅವನನ್ನು ಶ್ರೀಮಂತನನ್ನಾಗಿ ಮಾಡಿತು. ಅದರಲ್ಲೂ 1902ರಲ್ಲಿ ಅವನ ಎಂಜಿನಿಯರ್ ಗಾಟ್‌ಲೋಬ್ ಹೊನೋಲ್ಡ್ ರೂಪಿಸಿದ ಹೈ ವೋಲ್ಟೇಜ್ ಮಾದರಿ.

1906ರಲ್ಲಿ ಬಾಷ್ ತನ್ನ ಕಾರ್ಖಾನೆಯಲ್ಲಿ ಎಂಟು ಗಂಟೆ ಕೆಲಸ ಜಾರಿಗೆ ತಂದ. ಜರ್ಮನಿಯಲ್ಲಿ ಅದು ಸಾರ್ವತ್ರಿಕವಾಗಲು 1918ರ ಕ್ರಾಂತಿಯೇ ಬರಬೇಕಾಯಿತು. ಉಳಿದ ಮಾಲೀಕರು ಇವನಿಗೆ ಕೆಂಪು ಬಾಷ್ ಅಂತ ಹೆಸರಿಟ್ಟರು. ಸಮಾಜವಾದಿ ಕಾರ್ಲ್ ಕೌಟ್ಸ್ಕಿಯ ಪರಿಚಯ ಇದ್ದಿದ್ದರಿಂದ ಅನುಮಾನ ಇನ್ನಷ್ಟು ಬಲವಾಯಿತು. 1910ರಲ್ಲಿ ಶನಿವಾರ ಮಧ್ಯಾಹ್ನದ ರಜೆಯೂ ಬಂತು.

ಆದರೆ ಲೆಕ್ಕವನ್ನೂ ನೋಡಬೇಕು. ಎಂಟು ಗಂಟೆಯಾದರೆ ದಿನಕ್ಕೆ ಎರಡು ಪಾಳಿ ಓಡಿಸಬಹುದು. ದುಬಾರಿ ಯಂತ್ರಗಳು ಒಂಬತ್ತು ಗಂಟೆಯ ಬದಲು ಹದಿನಾರು ಗಂಟೆ ತಿರುಗುತ್ತವೆ. ದಣಿಯದ ಕೈ ಕಮ್ಮಿ ತಪ್ಪು ಮಾಡುತ್ತೆ. ಬಾಷ್‌ಗೆ ನ್ಯಾಯವೂ ಬೇಕಿತ್ತು, ಲಾಭವೂ ಬೇಕಿತ್ತು, ಆ ವರ್ಷ ಎರಡೂ ಒಂದೇ ದಾರಿಯಲ್ಲಿ ಸಿಕ್ಕವು ಅಷ್ಟೇ. (2023ರ ಫೆಬ್ರವರಿಯಲ್ಲಿ ನಮ್ಮ ಕರ್ನಾಟಕದ ವಿಧಾನಸಭೆ, ವಾರಕ್ಕೆ 48 ಗಂಟೆಯ ಮಿತಿ ಇಟ್ಟುಕೊಂಡೇ, ದಿನಕ್ಕೆ 12 ಗಂಟೆ ದುಡಿಸಲು ಅವಕಾಶ ಕೊಡುವ ಮಸೂದೆ ಪಾಸ್ ಮಾಡಿತಲ್ಲ, ಆಗಲೂ ಉತ್ಪಾದಕತೆ ಅನ್ನೋ ಪದವೇ ಮುಂದಿತ್ತು. ಒಂದೇ ಪದ, ಉಲ್ಟಾ ಲೆಕ್ಕ.)

ಎರಡೂ ದಾರಿ ಬೇರೆಯಾದಾಗ ಏನಾಯಿತು? 1913ರಲ್ಲಿ ಬಾಷ್ ಕಾರ್ಮಿಕರು ಮುಷ್ಕರ ಹೂಡಿದರು, ವಾರಗಟ್ಟಲೆ ಕಾರ್ಖಾನೆ ನಿಂತಿತು. ತಾನು ಇಷ್ಟೆಲ್ಲ ಕೊಟ್ಟಿರುವಾಗ ಇವರಿಗೆ ಇನ್ನೇನು ಬೇಕು ಅನ್ನೋ ಗಾಯ ಅವನಿಗೆ. ಅಲ್ಲಿಯವರೆಗೂ ದೂರ ಇದ್ದ ಮಾಲೀಕರ ಸಂಘಕ್ಕೆ ಹೋಗಿ ಸೇರಿಕೊಂಡ. ನನ್ನ ಪ್ರಕಾರ ಅವನ ಬದುಕು ಅರ್ಥವಾಗೋದು 1906ರಿಂದಲ್ಲ, ಇಲ್ಲಿಂದ. ತಾನಾಗಿ ಕೊಟ್ಟರೆ ಸರಿ, ಅವರಾಗಿ ಕೇಳಿದರೆ ದ್ರೋಹ. ಹಾಗಂತ ಅವನು ಬರೀ ನಾಟಕದವನೂ ಅಲ್ಲ. ಮುಂದಿನ ವರ್ಷ ಶುರುವಾದ ಯುದ್ಧದ ಗುತ್ತಿಗೆಗಳಿಂದ ಬಂದ ಲಾಭ ತನ್ನ ಜೇಬಿಗೆ ಬೇಡ ಅಂತ, ನೆಕ್ಕರ್ ಕಾಲುವೆ ಯೋಜನೆಯೂ ಸೇರಿ ಸಾರ್ವಜನಿಕ ಕೆಲಸಗಳಿಗೆ ಲಕ್ಷಾಂತರ ಮಾರ್ಕ್ ಕೊಟ್ಟ.

ಇನ್ನು ಲಾರಿಗೆ ಬರೋಣ. ರುಡಾಲ್ಫ್ ಡೀಸೆಲ್‌ನ ಎಂಜಿನ್ ಇಂಧನವನ್ನು ಒಳಗೆ ತಳ್ಳಲು ಕಂಪ್ರೆಸರಿನ ಗಾಳಿ ಬಳಸುತ್ತಿತ್ತು. ಆ ಭಾರ ಹಡಗಿಗೆ ಸರಿ, ಲಾರಿಗೆ ಆಗದ ಮಾತು. 1913ರಲ್ಲಿ ಡೀಸೆಲ್ ಹಡಗಿನಿಂದ ಕಣ್ಮರೆಯಾಗುವ ಹೊತ್ತಿಗೂ ಈ ಗಂಟು ಬಿಚ್ಚಿರಲಿಲ್ಲ. 1920ರ ದಶಕದ ಮೊದಲಲ್ಲಿ ಬೆನ್ಜ್, ಎಂಎಎನ್ ಕಂಪನಿಗಳು ಕಂಪ್ರೆಸರ್ ಇಲ್ಲದ ಡೀಸೆಲ್ ಲಾರಿ ತೋರಿಸಿದವು. ಆದರೆ ನಂಬಿಕಸ್ಥ ಪಂಪು, ನಾಜಲ್ಲುಗಳನ್ನು ಸಾವಿರಗಟ್ಟಲೆ ಮಾಡೋರು ಯಾರು? ಬಾಷ್ 1922ರಲ್ಲಿ ಅದಕ್ಕೆ ಕೈ ಹಾಕಿದ. ಡೀಸೆಲ್ ಬಂದರೆ ಮ್ಯಾಗ್ನೆಟೋ ವ್ಯಾಪಾರ ಹೊಡೆತ ತಿನ್ನುತ್ತೆ ಅಂತ ಗೊತ್ತಿದ್ದೇ ಕೈ ಹಾಕಿದ.

ಕಷ್ಟ ಇರೋದು ಅಳತೆಯಲ್ಲಿ. ನಾಜಲ್ ಸೂಜಿಗೂ ಅದರ ಗೂಡಿಗೂ ನಡುವೆ ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಭಾಗದಷ್ಟು ಮಾತ್ರ ಸಂದು. ಅದಕ್ಕೇ ಇವತ್ತಿಗೂ ಸೂಜಿ, ಗೂಡು ಜೋಡಿಯಾಗಿಯೇ ಬದಲಾಗಬೇಕು, ಒಂದರದ್ದು ಇನ್ನೊಂದಕ್ಕೆ ಹಾಕುವಂತಿಲ್ಲ. 1927ರ ಕೊನೆಗೆ ಪಂಪಿನ ಸರಣಿ ಉತ್ಪಾದನೆ ಶುರುವಾಯಿತು. 1934ರ ಹೊತ್ತಿಗೆ ಒಂದು ಲಕ್ಷ ಪಂಪು ಹೊರಬಿದ್ದಿದ್ದವು. ಈ ನಡುವೆ, 1926ರ ವಾಹನೋದ್ಯಮದ ಬಿಕ್ಕಟ್ಟಿನಲ್ಲಿ, ಅದೇ ಬಾಷ್ ದೊಡ್ಡ ಸಂಖ್ಯೆಯಲ್ಲಿ ಕಾರ್ಮಿಕರನ್ನು ಮನೆಗೂ ಕಳಿಸಿದ.

ಆಮೇಲೆ ಹಿಟ್ಲರ್ ಬಂದ. ಬಾಷ್‌ಗೆ ಅವನು ಹಿಡಿಸಲಿಲ್ಲ. ಯಹೂದಿಗಳು ದೇಶ ಬಿಟ್ಟು ಪಾರಾಗಲು ಬಾಷ್ ಬಳಗ ಹಣ ಕೊಟ್ಟಿತು. ನಾಜಿ ವಿರೋಧಿ ಕಾರ್ಲ್ ಗೋರ್ಡೆಲರ್‌ಗೆ 1937ರಲ್ಲಿ ಸಲಹೆಗಾರನ ಕೆಲಸ ಕೊಟ್ಟು ಓಡಾಡಲು ಮರೆ ಒದಗಿಸಿತು. ಗೋರ್ಡೆಲರ್‌ನನ್ನು 1945ರಲ್ಲಿ ಗಲ್ಲಿಗೇರಿಸಿದರು. ಅದೇ ಕಂಪನಿ ಹಿಟ್ಲರನ ಲಾರಿ, ವಿಮಾನಗಳಿಗೆ ಬಿಡಿಭಾಗ ಕೊಟ್ಟು ಬೆಳೆಯಿತು. ಯುದ್ಧದ ವರ್ಷಗಳಲ್ಲಿ ಸುಮಾರು 20,000 ಜನರನ್ನು, ಯುದ್ಧಕೈದಿಗಳು, ಕಾನ್ಸಂಟ್ರೇಷನ್ ಕ್ಯಾಂಪಿನವರೂ ಸೇರಿ, ಬಲವಂತವಾಗಿ ದುಡಿಸಿಕೊಂಡಿತು. ಅವರಿಗೆ ಎಂಟು ಗಂಟೆಯ ಲೆಕ್ಕ ಯಾರೂ ಹಿಡಿಯಲಿಲ್ಲ. ಇದು ಶುರುವಾದಾಗ ಮುದುಕ ಇನ್ನೂ ಬದುಕಿದ್ದ. ಎಂಬತ್ತನೇ ಹುಟ್ಟುಹಬ್ಬಕ್ಕೆ ಸರ್ಕಾರ ಅವನಿಗೆ ಶ್ರಮದ ಹರಿಕಾರ ಅನ್ನೋ ಅರ್ಥದ ಬಿರುದು ಕೊಟ್ಟಿತು. 1942ರ ಮಾರ್ಚಿನಲ್ಲಿ ಸತ್ತಾಗ ಸರ್ಕಾರಿ ಗೌರವದ ಅಂತ್ಯಕ್ರಿಯೆಯನ್ನೂ ಮಾಡಿತು.

ಒಂಬತ್ತು ವರ್ಷದ ನಂತರ, 1951ರಲ್ಲಿ, ಮೋಟಾರ್ ಇಂಡಸ್ಟ್ರೀಸ್ ಕಂಪನಿ ಹುಟ್ಟಿತು. ಅದೇ ಮೈಕೋ. ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಿಂದ ಸ್ಪಾರ್ಕ್ ಪ್ಲಗ್, ಡೀಸೆಲ್ ಪಂಪು, ನಾಜಲ್ಲುಗಳು ದೇಶದ ಲಾರಿಗಳಿಗೆ ಹೋದವು, ಊರಿಗೊಂದು ಮೈಕೋ ಲೇಔಟ್ ಬಂತು. 2008ರಲ್ಲಿ ಕಂಪನಿ ಹೆಸರು ಬದಲಾಗಿ ಬಾಷ್ ಆಯಿತು. ಈಗಿನ ಕಾಮನ್ ರೇಲ್ ಲಾರಿಗಳಲ್ಲಿ ಒತ್ತಡ ಸಾವಿರದ ಆರುನೂರು ಬಾರ್ ದಾಟುತ್ತೆ, ಹೊಸ ಇಂಜೆಕ್ಟರಿನ ಕೋಡನ್ನು ಎಷ್ಟೋ ಗಾಡಿಗಳಲ್ಲಿ ಕಂಪ್ಯೂಟರಿಗೆ ಹೇಳಬೇಕು, ಹಳೇ ಕೈಪಂಪಿನ ಟೆಸ್ಟರ್ ಅದಕ್ಕೆ ಸಾಲಲ್ಲ. ನಾನು ನೋಡಿದ ಅಂಗಡಿಯಾತ ಅಂಥ ಗಾಡಿಗಳನ್ನು ಸಿಟಿಗೆ ಕಳಿಸುತ್ತಾನೆ. ಹಳೇ ಲಾರಿ ಬಂದರೆ ಮಾತ್ರ ಟೆಸ್ಟರಿನ ಮೇಲಿನ ಬಟ್ಟೆ ಸರಿಸುತ್ತಾನೆ.