ಥಾಮಸ್ ಹಕ್ಸ್‌ಲಿಯ ಬಾಳು ಮತ್ತು ಚೈತನ್ಯದ ಪ್ರಶ್ನೆ

ಅನ್ನದಿಂದ ದೇಹವು ಬೆಳೆಯುತ್ತದೆ. ಉಸಿರು ನಿಂತರೆ ದೇಹವು ಬೀಳುತ್ತದೆ. ಇದು ಎಲ್ಲರೂ ಬಲ್ಲ ಮಾತು. ಆದರೆ ಮುಳ್ಳು ಚುಚ್ಚಿದಾಗ ಅದನ್ನು ನೋವೆಂದು ಅರಿಯುವುದು ಯಾವುದು? ಸಂಜೆಯ ಬಾನಿನ ಕೆಂಪನ್ನು ಕಂಡು ಹಿಗ್ಗುವುದು ಯಾವುದು? ನಾನು ಎಂದುಕೊಳ್ಳುವ ಈ ಅರಿವು ದೇಹದೊಳಗೆ ನೆಲಸಿರುವ ಬೇರೊಂದು ವಸ್ತುವೋ, ಅಥವಾ ದೇಹದ್ದೇ ಒಂದು ವ್ಯಾಪಾರವೋ?

ಈ ಪ್ರಶ್ನೆ ನಮ್ಮ ನಾಡಿಗೆ ಹೊಸದಲ್ಲ. ಹದಿನಾಲ್ಕನೆಯ ಶತಮಾನದ ಮಾಧವಾಚಾರ್ಯರದೆಂದು ಪ್ರಸಿದ್ಧವಾದ ಸರ್ವದರ್ಶನಸಂಗ್ರಹವು ಚಾರ್ವಾಕ ದರ್ಶನದಿಂದಲೇ ಆರಂಭವಾಗುತ್ತದೆ. ಕಿಣ್ವ ಸೇರಿದಾಗ ಧಾನ್ಯದಲ್ಲಿ ಮದಶಕ್ತಿ ಹುಟ್ಟುವಂತೆ, ಪೃಥಿವಿ ಮೊದಲಾದ ನಾಲ್ಕು ಭೂತಗಳು ಕೂಡಿದಾಗ ಚೈತನ್ಯವು ಹುಟ್ಟುತ್ತದೆಂದು ಚಾರ್ವಾಕರು ವಾದಿಸಿದರು. ಅವರ ಮತದವರು ಹೇಳಿದ ಇನ್ನೊಂದು ಉಪಮೆ ನಮ್ಮ ಮನೆಮನೆಗೂ ಪರಿಚಿತವಾದುದು. ವೀಳ್ಯದೆಲೆ, ಅಡಕೆ, ಸುಣ್ಣ ಈ ಮೂರರಲ್ಲಿ ಯಾವುದೂ ಕೆಂಪಲ್ಲ. ಮೂರನ್ನೂ ಕೂಡಿಸಿ ಅಗಿದರೆ ಬಾಯಿ ಕೆಂಪಾಗುತ್ತದೆ. ಇತರ ದರ್ಶನಕಾರರು ಈ ವಾದವನ್ನು ಖಂಡಿಸಿದರು. ಅದೇ ವಿವಾದವು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ, ಶಸ್ತ್ರ ಮತ್ತು ಸೂಕ್ಷ್ಮದರ್ಶಕಗಳ ನೆರವಿನಿಂದ, ಮತ್ತೆ ಎದ್ದಿತು. ಆಗ ಅದರ ನಡುವೆ ನಿಂತ ಮಹನೀಯರಲ್ಲಿ ಥಾಮಸ್ ಹೆನ್ರಿ ಹಕ್ಸ್‌ಲಿಯು ಒಬ್ಬನು. ಅವನ ಜೀವನವೃತ್ತಾಂತವನ್ನು ನಾವು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಹಕ್ಸ್‌ಲಿಯು ೧೮೨೫ನೆಯ ಇಸವಿ ಮೇ ೪ರಂದು ಲಂಡನ್ನಿನ ಪಶ್ಚಿಮಕ್ಕಿರುವ, ಆಗ ಇನ್ನೂ ಹಳ್ಳಿಯಾಗಿದ್ದ, ಈಲಿಂಗಿನಲ್ಲಿ ಜನಿಸಿದನು. ತಂದೆಯು ಉಪಾಧ್ಯಾಯ. ಮನೆಯಲ್ಲಿ ಮಕ್ಕಳು ಹಲವರು, ವರಮಾನವು ಅಲ್ಪ. ಹುಡುಗನಿಗೆ ದೊರೆತ ಶಾಲೆಯ ವಿದ್ಯೆಯು ಸುಮಾರು ಎರಡು ವರ್ಷಗಳದು ಮಾತ್ರ. ಉಳಿದುದನ್ನೆಲ್ಲ ಅವನು ಸ್ವಂತ ಶ್ರಮದಿಂದ ಗಳಿಸಿದನು. ಜರ್ಮನ್ ಭಾಷೆಯನ್ನು ಕೂಡ ತಾನೇ ಕಲಿತನು. ಯಂತ್ರಗಳನ್ನು ನಿರ್ಮಿಸುವ ಎಂಜಿನಿಯರನಾಗಬೇಕೆಂಬುದು ಅವನ ಬಾಲ್ಯದ ಆಸೆ. ಅದು ಕೈಗೂಡದೆ ವೈದ್ಯವೃತ್ತಿಗೆ ಸೇರಿದನು. ಆದರೂ ಜೀವಿಗಳ ದೇಹರಚನೆಯಲ್ಲಿ ಅವನ ಮನಸ್ಸನ್ನು ಸೆಳೆದದ್ದು ಯಂತ್ರಕೌಶಲವೇ ಆಗಿತ್ತು. ಈ ದೃಷ್ಟಿ ಕಡೆಯವರೆಗೂ ಅವನನ್ನು ಬಿಡಲಿಲ್ಲ.

ಹದಿಹರೆಯದಲ್ಲಿಯೇ ಅವನು ಲಂಡನ್ನಿನ ಹಡಗುಕಟ್ಟೆಗಳ ಬಳಿ ಒಬ್ಬ ವೈದ್ಯನ ಕೈಕೆಳಗೆ ಕೆಲಸ ಕಲಿಯತೊಡಗಿದನು. ಅಲ್ಲಿನ ಬಡವರ ಕೇರಿಗಳ ಹಸಿವನ್ನೂ ಕಾಯಿಲೆಯನ್ನೂ ಕಣ್ಣಾರೆ ಕಂಡನು. ಆ ನೋಟವು ಅವನ ಮನಸ್ಸಿನಿಂದ ಮಾಸಲಿಲ್ಲ. ಅನಂತರ ಚೇರಿಂಗ್ ಕ್ರಾಸ್ ಆಸ್ಪತ್ರೆಯ ಶಾಲೆಯಲ್ಲಿ ಉಚಿತ ವಿದ್ಯಾರ್ಥಿಯಾಗಿ ಓದಿದನು. ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ೧೮೪೫ರಲ್ಲಿ, ಕೂದಲಿನ ಬುಡದ ಕೋಶದಲ್ಲಿ ಅದುವರೆಗೆ ಯಾರೂ ಗುರುತಿಸದಿದ್ದ ಪದರವೊಂದನ್ನು ವರ್ಣಿಸಿದನು. ಅದಕ್ಕೆ ಇಂದಿಗೂ ಹಕ್ಸ್‌ಲಿಯ ಪದರವೆಂದೇ ಹೆಸರು.

೧೮೪೬ರ ಕಡೆಯಲ್ಲಿ ರ‍್ಯಾಟಲ್‌ಸ್ನೇಕ್ ಎಂಬ ಯುದ್ಧನೌಕೆಯಲ್ಲಿ ಸಹಾಯಕ ವೈದ್ಯನಾಗಿ ಆಸ್ಟ್ರೇಲಿಯಾದ ಕಡೆಗೆ ಹೊರಟನು. ನಾಲ್ಕು ವರ್ಷಗಳ ಆ ಯಾನದಲ್ಲಿ, ಇಕ್ಕಟ್ಟಾದ ಹಡಗಿನೊಳಗೆ ಸೂಕ್ಷ್ಮದರ್ಶಕವನ್ನಿಟ್ಟುಕೊಂಡು, ಲೋಳೆಮೀನು ಮೊದಲಾದ ಮೃದುಜೀವಿಗಳನ್ನು ಪರೀಕ್ಷಿಸಿದನು. ಅವುಗಳ ದೇಹದ ಎರಡು ಪೊರೆಗಳಿಗೂ ಮೇಲಣ ವರ್ಗದ ಪ್ರಾಣಿಗಳ ಭ್ರೂಣದ ಪದರಗಳಿಗೂ ಇರುವ ಹೋಲಿಕೆಯನ್ನು ತೋರಿಸಿದನು. ಸ್ವದೇಶಕ್ಕೆ ಮರಳಿದ ಮರುವರ್ಷವೇ, ೧೮೫೧ರಲ್ಲಿ, ಇಪ್ಪತ್ತಾರರ ಪ್ರಾಯದಲ್ಲಿ, ರಾಯಲ್ ಸೊಸೈಟಿಯ ಸದಸ್ಯತ್ವವು ಲಭಿಸಿತು. ಕೀರ್ತಿ ಬಂದರೂ ಉದ್ಯೋಗವು ಬೇಗ ಬರಲಿಲ್ಲ. ಸಿಡ್ನಿ ನಗರದಲ್ಲಿ ಕಂಡು ಮೆಚ್ಚಿದ ಹೆನ್ರಿಯೆಟಾ ಹೀಥಾರ್ನಳನ್ನು ವಿವಾಹವಾಗಲು ಅವನು ಎಂಟು ವರ್ಷ ಕಾಯಬೇಕಾಯಿತು. ೧೮೫೪ರಲ್ಲಿ ಲಂಡನ್ನಿನ ಗಣಿವಿದ್ಯಾಶಾಲೆಯಲ್ಲಿ ಅಧ್ಯಾಪಕಪದವಿ ದೊರೆಯಿತು. ಮರುವರ್ಷ ವಿವಾಹ ನೆರವೇರಿತು.

ಆ ಕಾಲದಲ್ಲಿಯೇ ಅವನು ಕೂಲಿಕಾರರಿಗಾಗಿ ಉಪನ್ಯಾಸಗಳನ್ನು ಆರಂಭಿಸಿದನು. ಹಗಲೆಲ್ಲ ದುಡಿದ ಜನರು ಸಂಜೆ ಬಂದು ಅವನ ಮಾತನ್ನು ಕೇಳುತ್ತಿದ್ದರು. ಹಗಲು ದುಡಿದು ಇರುಳು ಓದಿದವರ ಶ್ರಮವನ್ನು ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಮೂಲಕ ಬಲ್ಲ ನಮಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

೧೮೫೯ರಲ್ಲಿ ಡಾರ್ವಿನ್ನನ ಜೀವಜಾತಿಗಳ ಉಗಮವೆಂಬ ಗ್ರಂಥವು ಹೊರಬಂದಿತು. ಹಕ್ಸ್‌ಲಿಯು ಅದರ ಪಕ್ಷವನ್ನು ವಹಿಸಿದನು. ೧೮೬೦ರ ಜೂನ್ ೩೦ರಂದು ಆಕ್ಸ್‌ಫರ್ಡಿನ ಸಭೆಯಲ್ಲಿ ಬಿಷಪ್ ವಿಲ್ಬರ್‌ಫೋರ್ಸನಿಗೂ ಅವನಿಗೂ ನಡೆದ ವಾಗ್ವಾದವು ಪ್ರಸಿದ್ಧವಾಗಿದೆ. ಅಂದು ಆಡಿದ ಮಾತುಗಳನ್ನು ಕೇಳಿದವರು ಬಗೆಬಗೆಯಾಗಿ ವರದಿಮಾಡಿದ್ದಾರೆ. ಅದಕ್ಕಿಂತ ಮುಖ್ಯವಾದುದು ಮಿದುಳನ್ನು ಕುರಿತ ವಿವಾದ. ರಿಚರ್ಡ್ ಓವೆನ್ ಎಂಬ ಹಿರಿಯ ಪಂಡಿತನು, ಮಿದುಳಿನ ಕೆಲವು ಭಾಗಗಳು ಮನುಷ್ಯನಿಗೆ ಮಾತ್ರ ಇವೆಯೆಂದೂ ಆದುದರಿಂದ ಮನುಷ್ಯನು ಪ್ರಾಣಿವರ್ಗದಿಂದ ಬೇರೆಯೆಂದೂ ಸಾಧಿಸಿದ್ದನು. ಆ ಭಾಗಗಳು ವಾನರಗಳಲ್ಲಿಯೂ ಇವೆಯೆಂದು ಹಕ್ಸ್‌ಲಿಯು ತೋರಿಸಿದನು; ೧೮೬೩ರಲ್ಲಿ ಪ್ರಕೃತಿಯಲ್ಲಿ ಮನುಷ್ಯನ ಸ್ಥಾನವನ್ನು ಕುರಿತು ಗ್ರಂಥವನ್ನೇ ಬರೆದನು. ಮನುಷ್ಯನ ಮನಸ್ಸಿಗೆ ಮಿದುಳು ಆಧಾರವಾದರೆ, ಆ ಮಿದುಳಿನ ವಂಶಾವಳಿಯು ಪಶುಗಳಿಂದ ಬಂದುದೆಂಬುದು ಇದರಿಂದ ಸೂಚಿತವಾಯಿತು.

ಈ ಜಯದ ದಿನಗಳ ನಡುವೆಯೇ ಅವನಿಗೆ ಬಾಳಿನ ಅತ್ಯಂತ ಕಠಿಣವಾದ ಪರೀಕ್ಷೆಯು ಒದಗಿತು. ೧೮೬೦ರ ಸೆಪ್ಟೆಂಬರ್ ೧೫ರಂದು ಅವನ ಚೊಚ್ಚಲ ಮಗ ನೋಯೆಲನು ಕೆಂಪು ಜ್ವರದಿಂದ ತೀರಿಕೊಂಡನು. ಮಗುವಿಗೆ ನಾಲ್ಕು ವರ್ಷಗಳೂ ತುಂಬಿರಲಿಲ್ಲ. ಆಗ ಚಾರ್ಲ್ಸ್ ಕಿಂಗ್ಸ್ಲಿ ಎಂಬ ಪಾದ್ರಿಯು, ಕಾದಂಬರಿಕಾರನೆಂದೂ ಹೆಸರಾದವನು, ಆತ್ಮವು ಅಮರವೆಂಬ ನಂಬಿಕೆಯಲ್ಲಿ ಸಮಾಧಾನವನ್ನು ಕಾಣಬಾರದೆ ಎಂಬ ಅಭಿಪ್ರಾಯದ ಪತ್ರವನ್ನು ಸ್ನೇಹದಿಂದ ಬರೆದನು. ಹಕ್ಸ್‌ಲಿಯು ದೀರ್ಘವಾದ ಉತ್ತರವನ್ನು ಕೊಟ್ಟನು. ಆತ್ಮದ ಅಮರತ್ವವನ್ನು ತಾನು ಅಲ್ಲಗಳೆಯುವುದೂ ಇಲ್ಲ, ಒಪ್ಪುವುದೂ ಇಲ್ಲ. ಬೇರೆ ಸಂಗತಿಗಳಿಗೆ ಎಂತಹ ಪ್ರಮಾಣವನ್ನು ಬೇಡುತ್ತೇನೋ ಇದಕ್ಕೂ ಅಂತಹುದನ್ನೇ ಬೇಡುತ್ತೇನೆ. ನನ್ನ ದುಃಖಕ್ಕೆ ಹಿತವೆಂಬ ಕಾರಣದಿಂದ ಒಂದು ಮಾತು ನಿಜವಾಗಲಾರದು ಎಂಬುದು ಅದರ ಸಾರ. ಸಂಸ್ಕಾರದ ಹೊತ್ತಿನಲ್ಲಿ ಪಾದ್ರಿಯು ಓದಿದ ವಾಕ್ಯವೊಂದು, ಮರಳಿ ಏಳುವ ಆಸೆಯಿಲ್ಲದವರಿಗೆ ತಿಂದು ಕುಡಿಯುವುದೇ ಬಾಳು ಎಂಬ ಅರ್ಥದ್ದು, ಅವನನ್ನು ನೋಯಿಸಿತ್ತು. ಮಗನನ್ನು ಕಳೆದುಕೊಂಡ ತಂದೆಯು ಆ ಕಾರಣದಿಂದ ಪಶುವಾಗಿ ಬಾಳಬೇಕೇ ಎಂದು ಅವನ ಮನಸ್ಸು ಕೇಳಿತು. ನಾವು ಅವನ ನಿಲುವನ್ನು ಒಪ್ಪಬಹುದು, ಬಿಡಬಹುದು. ಆದರೆ ಬೇಡವೆನ್ನಲು ಅತ್ಯಂತ ಕಷ್ಟವಾದ ಹೊತ್ತಿನಲ್ಲಿ, ಎದುರಿಗೆ ನೀಡಿದ ಸಾಂತ್ವನವನ್ನು ಪ್ರಮಾಣವಿಲ್ಲವೆಂದು ಬಿಟ್ಟವನ ಮನೋಧೈರ್ಯವನ್ನು ಮೆಚ್ಚದಿರಲಾರೆವು.

೧೮೬೮ರಲ್ಲಿ ಎಡಿನ್‌ಬರೋದಲ್ಲಿ ಅವನು ಜೀವದ ಭೌತಿಕ ಆಧಾರವನ್ನು ಕುರಿತು ಉಪನ್ಯಾಸ ಮಾಡಿದನು. ಜಲಜನಕ, ಆಮ್ಲಜನಕಗಳು ಕೂಡಿ ನೀರಾದಾಗ ನೀರಿನ ಗುಣಗಳಿಗಾಗಿ ಜಲತ್ವವೆಂಬ ಬೇರೊಂದು ವಸ್ತುವನ್ನು ನಾವು ಕಲ್ಪಿಸುವುದಿಲ್ಲ. ಹಾಗೆಯೇ ಜೀವರಸದ ಗುಣಗಳಿಗಾಗಿ ಜೀವತತ್ತ್ವವೆಂಬುದನ್ನು ಬೇರೆಯಾಗಿ ಕಲ್ಪಿಸಬೇಕಾಗಿಲ್ಲವೆಂದನು. ವೀಳ್ಯದ ಕೆಂಪಿನ ಉಪಮೆಯನ್ನು ಬಲ್ಲ ನಮಗೆ ಈ ಮಾತು ಹಳೆಯ ಪರಿಚಯದಂತೆಯೇ ತೋರುತ್ತದೆ. ಜನರು ಅವನನ್ನು ಜಡವಾದಿಯೆಂದು ಕರೆದರು. ಅವನು ಆ ಹೆಸರನ್ನು ಒಪ್ಪಲಿಲ್ಲ. ಜಡವೆಂಬುದರ ನಿಜಸ್ವರೂಪವೂ ನಮಗೆ ತಿಳಿಯದು. ಆತ್ಮದ ಸ್ವರೂಪವೂ ತಿಳಿಯದು. ತಿಳಿಯದುದನ್ನು ತಿಳಿದೆವೆನ್ನಬಾರದು. ಈ ನಿಲುವಿಗೆ ಅವನು ೧೮೬೯ರಲ್ಲಿ ಹೊಸ ಹೆಸರೊಂದನ್ನೇ ಸೃಷ್ಟಿಸಿದನು. ಕನ್ನಡದಲ್ಲಿ ನಾವು ಅದನ್ನು ಅಜ್ಞೇಯತಾವಾದವೆನ್ನುತ್ತೇವೆ.

ಚೈತನ್ಯವನ್ನು ಕುರಿತ ಅವನ ಮುಖ್ಯ ಉಪನ್ಯಾಸವು ೧೮೭೪ರಲ್ಲಿ ಬೆಲ್‌ಫಾಸ್ಟ್ ನಗರದಲ್ಲಿ ನಡೆಯಿತು. ಪಶುಗಳು ಅರಿವಿಲ್ಲದ ಯಂತ್ರಗಳೆಂದು ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಡೇಕಾರ್ಟನು ಹೇಳಿದ್ದನು. ಹಕ್ಸ್‌ಲಿಯು ಅದನ್ನು ಪ್ರಯೋಗಗಳ ಬೆಳಕಿನಲ್ಲಿ ಪರೀಕ್ಷಿಸಿದನು. ಮಿದುಳನ್ನು ಬೇರ್ಪಡಿಸಿ ಬೆನ್ನುಹುರಿಯನ್ನು ಮಾತ್ರ ಉಳಿಸಿದ ಕಪ್ಪೆಯ ಪಕ್ಕಕ್ಕೆ ಆಮ್ಲವನ್ನು ಸವರಿದರೆ, ಅದು ಕಾಲಿನಿಂದ ಒರಸಿಕೊಳ್ಳುತ್ತದೆ. ಆ ಕಾಲನ್ನು ಹಿಡಿದರೆ ಇನ್ನೊಂದು ಕಾಲನ್ನು ಬಳಸುತ್ತದೆ. ಮಿದುಳಿನ ಮುಂಭಾಗವನ್ನಷ್ಟೇ ತೆಗೆದ ಕಪ್ಪೆಯನ್ನು ಅಂಗೈಯ ಮೇಲಿಟ್ಟು ಕೈಯನ್ನು ಮೆಲ್ಲಗೆ ಓರೆಮಾಡಿದರೆ, ಅದು ಬೀಳದೆ ಹತ್ತಿ ಅಂಚಿನಲ್ಲಿ ಕುಳಿತುಕೊಳ್ಳುತ್ತದೆ. ಉದ್ದೇಶಪೂರ್ವಕವೆಂದು ತೋರುವ ಕಾರ್ಯಗಳು ಅರಿವಿನ ಆಶ್ರಯವಿಲ್ಲದೆ ನಡೆಯಬಲ್ಲವೆಂಬುದಕ್ಕೆ ಇವನ್ನು ನಿದರ್ಶನವಾಗಿ ಕೊಟ್ಟನು.

ಮನುಷ್ಯರಲ್ಲಿಯೂ ಇಂತಹುದುಂಟೆ? ೧೮೭೦ರ ಯುದ್ಧದಲ್ಲಿ ತಲೆಗೆ ಗುಂಡೇಟು ತಿಂದ ಒಬ್ಬ ಫ್ರೆಂಚ್ ಸಾರ್ಜೆಂಟನ ವೃತ್ತಾಂತವನ್ನು ಅವನು ಉದಾಹರಿಸಿದನು. ಗಾಯ ಮಾಯ್ದ ಮೇಲೂ ಆ ಸೈನಿಕನಿಗೆ ಆಗಾಗ ಹಲವು ಗಂಟೆಗಳ ಕಾಲ ವಿಚಿತ್ರಸ್ಥಿತಿಯೊಂದು ಬರುತ್ತಿತ್ತು. ಆಗ ಅವನು ನಡೆಯುತ್ತಿದ್ದನು, ಉಣ್ಣುತ್ತಿದ್ದನು, ಬಟ್ಟೆ ತೊಡುತ್ತಿದ್ದನು. ಆದರೆ ಸೂಜಿಯಿಂದ ಚುಚ್ಚಿದರೂ ಅರಿಯುತ್ತಿರಲಿಲ್ಲ.

ಇವುಗಳಿಂದ ಹಕ್ಸ್‌ಲಿಯು ತೆಗೆದ ನಿರ್ಣಯವು ಹೀಗಿದೆ. ಪಶುಗಳಿಗೆ ಅರಿವೇ ಇಲ್ಲವೆಂಬ ಡೇಕಾರ್ಟನ ಮಾತು ಸರಿಯಲ್ಲ. ಅರಿವು ಉಂಟು, ಆದರೆ ಅದಕ್ಕೆ ಕೆಲಸವಿಲ್ಲ. ಉಗಿಬಂಡಿಯ ಎಂಜಿನ್ನು ಸಿಳ್ಳೆ ಹಾಕುತ್ತದೆ. ಸಿಳ್ಳೆಯು ಎಂಜಿನ್ನಿನಿಂದಲೇ ಹುಟ್ಟಿದುದು. ಆದರೆ ಬಂಡಿಯನ್ನು ಎಳೆಯುವುದು ಸಿಳ್ಳೆಯಲ್ಲ. ಹಾಗೆಯೇ ಮಿದುಳಿನ ವ್ಯಾಪಾರದಿಂದ ಅರಿವು ಹುಟ್ಟುತ್ತದೆ, ದೇಹವನ್ನು ನಡೆಸುವುದು ಅರಿವಲ್ಲ. ಮನುಷ್ಯನಿಗೂ ಈ ಮಾತು ಸಲ್ಲುತ್ತದೆಂದು ಅವನು ಸೂಚಿಸಿದನು.

ಈ ವಾದದಲ್ಲಿ ನಮಗೊಂದು ತೊಡಕು ಕಾಣುತ್ತದೆ. ಅಮೆರಿಕದ ವಿಲಿಯಂ ಜೇಮ್ಸನು ೧೮೭೯ರಲ್ಲಿಯೇ ಅದನ್ನು ಎತ್ತಿದ್ದನು. ಬಾಳಿಗೆ ಉಪಯುಕ್ತವಾದ ಗುಣಗಳು ವಿಕಾಸದಲ್ಲಿ ಉಳಿದು ಬೆಳೆಯುತ್ತವೆಂಬುದು ಡಾರ್ವಿನ್ನನ ಸಿದ್ಧಾಂತ. ಅರಿವಿಗೆ ಯಾವ ಉಪಯೋಗವೂ ಇಲ್ಲದಿದ್ದರೆ ಅದು ಪ್ರಾಣಿಗಳಲ್ಲಿ ಬೆಳೆದುಬಂದದ್ದು ಹೇಗೆ? ಬೆಂಕಿಯ ಸುಡುವಿಕೆ ನೋವಾಗಿಯೂ ಅನ್ನವು ಹಿತವಾಗಿಯೂ ತೋರಬೇಕಾದುದೇಕೆ? ಡಾರ್ವಿನ್ನನ ಪರಮಮಿತ್ರನ ಸಿದ್ಧಾಂತಕ್ಕೆ ಡಾರ್ವಿನ್ನನ ತತ್ತ್ವವೇ ಎದುರಾಗಿ ನಿಲ್ಲುತ್ತದೆ. ಹಕ್ಸ್‌ಲಿಯಾದರೂ ರಹಸ್ಯವು ಬಿಡಿಸಿತೆಂದು ಎಂದೂ ಹೇಳಿಕೊಂಡವನಲ್ಲ. ೧೮೬೬ರಲ್ಲಿ ಶಾಲೆಗಳಿಗಾಗಿ ಬರೆದ ಶರೀರಶಾಸ್ತ್ರದ ಪುಸ್ತಕದಲ್ಲಿ, ನರದ ಉದ್ರೇಕದಿಂದ ಅರಿವು ಮೂಡುವುದನ್ನು ಅಲ್ಲಾದೀನನು ದೀಪವನ್ನು ಉಜ್ಜಿದಾಗ ಭೂತವು ಮೂಡುವುದಕ್ಕೆ ಹೋಲಿಸಿದ್ದನು. ಎರಡೂ ಅಷ್ಟೇ ವಿವರಣೆಗೆ ನಿಲುಕದವು ಎಂಬುದು ಅವನ ತಾತ್ಪರ್ಯ.

ಅರಿವಿಗೆ ಕೆಲಸವಿಲ್ಲವೆಂದವನು ತನ್ನ ಅರಿವನ್ನು ಲೋಕದ ಹಿತಕ್ಕಾಗಿ ಎಡೆಬಿಡದೆ ದುಡಿಸಿದನು. ೧೮೭೦ರಲ್ಲಿ ಲಂಡನ್ನಿನ ಶಾಲಾಮಂಡಲಿಗೆ ಚುನಾಯಿತನಾಗಿ, ಬಡವರ ಮಕ್ಕಳಿಗೆ ಓದುಬರಹದ ಜೊತೆಗೆ ವ್ಯಾಯಾಮ, ಚಿತ್ರಲೇಖನ, ಸಂಗೀತ, ವಿಜ್ಞಾನಗಳೂ ದೊರೆಯಬೇಕೆಂದು ಶ್ರಮಿಸಿದನು. ೧೮೮೩ರಿಂದ ೧೮೮೫ರವರೆಗೆ ರಾಯಲ್ ಸೊಸೈಟಿಯ ಅಧ್ಯಕ್ಷನಾಗಿದ್ದನು. ೧೮೯೩ರಲ್ಲಿ ಆಕ್ಸ್‌ಫರ್ಡಿನಲ್ಲಿ ವಿಕಾಸ ಮತ್ತು ನೀತಿಯನ್ನು ಕುರಿತು ಮಾತನಾಡುತ್ತ, ನಮ್ಮ ದೇಶದ ಕರ್ಮಸಿದ್ಧಾಂತವನ್ನೂ ಆತ್ಮವಿಚಾರವನ್ನೂ ನಿತ್ಯವಾದ ಆತ್ಮವನ್ನು ಒಪ್ಪದ ಬುದ್ಧನ ಬೋಧೆಯನ್ನೂ ಗೌರವದಿಂದ ಚರ್ಚಿಸಿದನು. ಬಲಿಷ್ಠನು ಉಳಿದು ದುರ್ಬಲನು ಅಳಿಯುವುದು ಪ್ರಕೃತಿಯ ಕ್ರಮವಾಗಿರಬಹುದು; ಆ ಕ್ರಮವನ್ನು ತಡೆಯುವುದೇ ಮನುಷ್ಯನ ಧರ್ಮವೆಂದು ಸಾರಿದನು.

೧೮೯೫ರ ಜೂನ್ ೨೯ರಂದು ಈಸ್ಟ್‌ಬೋರ್ನಿನಲ್ಲಿ ಅವನು ನಿಧನನಾದನು. ಫಿಂಚ್ಲಿಯ ಶ್ಮಶಾನದಲ್ಲಿ, ಮೂವತ್ತೈದು ವರ್ಷಗಳ ಹಿಂದೆ ಮಣ್ಣಾದ ಮಗ ನೋಯೆಲನ ಬಳಿಯಲ್ಲಿ ಅವನನ್ನು ಸಮಾಧಿ ಮಾಡಿದರು.

ನೋಯೆಲನು ತೀರಿದ ಮೂರು ತಿಂಗಳಿಗೆ ಹುಟ್ಟಿದ ಲಿಯೊನಾರ್ಡನ ಮಕ್ಕಳಲ್ಲಿ ಆಂಡ್ರೂ ಹಕ್ಸ್‌ಲಿಯು ಒಬ್ಬನು. ನರದಲ್ಲಿ ವಿದ್ಯುತ್ಸಂಕೇತವು ಹರಿಯುವ ಬಗೆಯನ್ನು ಗಣಿತದಿಂದ ವಿವರಿಸಿದುದಕ್ಕಾಗಿ ಅವನು ೧೯೬೩ರಲ್ಲಿ ಹಾಡ್ಜ್‌ಕಿನ್, ಎಕ್ಲಿಸ್ ಇಬ್ಬರೊಡನೆ ನೊಬೆಲ್ ಪಾರಿತೋಷಕವನ್ನು ಪಡೆದನು. ಆ ಎಕ್ಲಿಸನಾದರೋ ಮನಸ್ಸು ಮಿದುಳಿನಿಂದ ಬೇರೆಯೆಂದು ಕಡೆಯವರೆಗೂ ನಂಬಿದ್ದನು. ಒಂದೇ ನರವನ್ನು ಅರಿತವರೂ ಆತ್ಮದ ವಿಷಯದಲ್ಲಿ ಒಂದಾಗಲಿಲ್ಲ. ಹಕ್ಸ್‌ಲಿಯು ತೀರಿ ಸರಿಯಾಗಿ ನೂರು ವರ್ಷಕ್ಕೆ, ೧೯೯೫ರಲ್ಲಿ, ಡೇವಿಡ್ ಚಾಮರ್ಸ್ ಎಂಬ ತತ್ತ್ವಜ್ಞನು, ಮಿದುಳಿನ ಕೆಲಸಗಳನ್ನೆಲ್ಲ ವಿವರಿಸಿದ ಮೇಲೂ ಅನುಭವವೆಂಬುದು ಏಕೆ ಇದೆಯೆಂಬ ಪ್ರಶ್ನೆ ಉಳಿಯುತ್ತದೆಂದು ಬರೆದು, ಅದನ್ನೇ ಕಠಿಣ ಸಮಸ್ಯೆಯೆಂದು ಕರೆದನು.

ವಿದ್ಯಾರ್ಥಿಗಳೇ, ಆ ಸಮಸ್ಯೆಯು ಇಂದಿಗೂ ತೆರೆದೇ ಇದೆ. ನಿಮ್ಮಲ್ಲಿ ಕೆಲವರು ಆತ್ಮವುಂಟೆಂಬ ಮನೆತನದ ನಂಬಿಕೆಯಲ್ಲಿ ಬೆಳೆದಿರಬಹುದು, ಕೆಲವರಿಗೆ ಸಂದೇಹವಿರಬಹುದು. ಯಾವ ಪಕ್ಷವನ್ನು ಹಿಡಿದರೂ ಪ್ರಮಾಣವನ್ನು ಕೇಳಿರಿ, ಎದುರು ಪಕ್ಷದ ಮಾತನ್ನು ಪೂರ್ತಿಯಾಗಿ ಆಲಿಸಿರಿ, ತಿಳಿಯದಿದ್ದಾಗ ತಿಳಿಯದೆಂದು ಹೇಳಲು ನಾಚದಿರಿ. ಎರಡೇ ವರ್ಷ ಶಾಲೆಗೆ ಹೋದ ಈ ಮಹನೀಯನ ಬಾಳಿನಿಂದ ನಾವು ಕಲಿಯಬೇಕಾದ ಪಾಠವಿದು.