ಬೂದಿದಿಬ್ಬದ ಗುಟ್ಟು ಬಿಡಿಸಿದ ಬ್ರೂಸ್ ಫೂಟ್

ಪುರಾತತ್ವಜ್ಞನ ಕೆಲಸವೆಂದರೆ ನಿಧಿ ಹುಡುಕುವುದು ಎಂದುಕೊಂಡವರು ಬಹಳ. ಅದು ಹಾಗಲ್ಲವೆಂದು ತಿಳಿಯಲು ನಮ್ಮ ಬಳ್ಳಾರಿ ಸೀಮೆಯನ್ನು ಕಾಲ್ನಡಿಗೆಯಲ್ಲಿ ಸುತ್ತಿದ ರಾಬರ್ಟ್ ಬ್ರೂಸ್ ಫೂಟ್ ಅವರ ಬದುಕು ನೋಡಿದರೆ ಸಾಕು.

1834ರಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ಹುಟ್ಟಿದ ಫೂಟ್, 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಗೆ ಸೇರಿದರು. ಅವರಿಗೆ ಸಂಬಳವಿದ್ದದ್ದು ಬಂಡೆ, ಖನಿಜಗಳನ್ನು ಗುರುತಿಸಿ ನಕ್ಷೆ ಬರೆಯಲು. 1863ರ ಮೇ 30ರಂದು ಮದ್ರಾಸಿನ ಹತ್ತಿರದ ಪಲ್ಲಾವರಂನಲ್ಲಿ ಮನುಷ್ಯ ಕೆತ್ತಿದ ಕಲ್ಲಿನ ಆಯುಧವೊಂದು ಅವರ ಕಣ್ಣಿಗೆ ಬಿತ್ತು. ಭಾರತದ ಹಳೆ ಶಿಲಾಯುಗದ ಅಧ್ಯಯನಕ್ಕೆ ಅದೇ ನಾಂದಿ. ಭಾರತದ ಪ್ರಾಗಿತಿಹಾಸದ ಪಿತಾಮಹ ಎಂಬ ಗೌರವ ಅವರಿಗೆ ಸಂದದ್ದು ಹೀಗೆ.

ಬಳ್ಳಾರಿ ಜಿಲ್ಲೆಯ ಭೂವಿವರದ ಬಗ್ಗೆ ಅವರು ಬರೆದ ಗ್ರಂಥ 1895ರಲ್ಲಿ ಪ್ರಕಟವಾಯಿತು. ಸಂಗನಕಲ್ಲು, ಕಪ್ಪಗಲ್ಲು ಬೆಟ್ಟಗಳಲ್ಲಿ ಅರ್ಧ ಕೆತ್ತಿದ, ಪೂರ್ತಿ ನಯಗೊಳಿಸಿದ ಕಲ್ಗೊಡಲಿಗಳು ರಾಶಿಯಾಗಿ ಸಿಕ್ಕಿದ್ದರಿಂದ, ಅದು ನವಶಿಲಾಯುಗದ ಆಯುಧ ತಯಾರಿಕೆಯ ತಾಣವೆಂದು ಅವರು ಗುರುತಿಸಿದರು. ಕುಡತಿನಿ ಬಳಿಯ ಬೂದಿದಿಬ್ಬವನ್ನು ಜನ ರಾಕ್ಷಸನನ್ನು ಸುಟ್ಟ ಬೂದಿ ಎನ್ನುತ್ತಿದ್ದರು. ಫೂಟ್ ಅದನ್ನು ದನದ ದೊಡ್ಡಿಯಲ್ಲಿ ಕೂಡಿಬಿದ್ದ ಸಗಣಿ ಸುಟ್ಟ ಬೂದಿಯೆಂದು ಊಹಿಸಿದರು. 1957ರಲ್ಲಿ ಆಲ್ಚಿನ್ ಅವರು ಉಟ್ನೂರಿನಲ್ಲಿ ಅಂಥದೇ ದಿಬ್ಬ ಅಗೆದಾಗ ದನಗಳ ಗೊರಸಿನ ಗುರುತುಗಳೇ ಕಂಡವು. ಫೂಟ್ ಅವರ ಊಹೆಗೆ ಪುರಾವೆ ಸಿಕ್ಕಿತು.

ಅವರ ದೊಡ್ಡತನ ಕಂಡುಹಿಡಿದದ್ದರಲ್ಲಷ್ಟೇ ಇಲ್ಲ, ಬರೆದಿಟ್ಟದ್ದರಲ್ಲೂ ಇದೆ. ಯಾವ ಕಲ್ಲು ಎಲ್ಲಿ ಸಿಕ್ಕಿತೆಂದು ಒಂದೊಂದಕ್ಕೂ ಲೆಕ್ಕ ಇಟ್ಟರು. ನಾವು ಡೇಟಾ ಎನ್ನುವುದು ಇದನ್ನೇ. ಠಾವು ಗೊತ್ತಿಲ್ಲದ ಕಲ್ಲು ಬರೀ ಕಲ್ಲು. ಅವರ ಸಂಗ್ರಹ 1904ರಲ್ಲಿ ಮದ್ರಾಸ್ ವಸ್ತುಸಂಗ್ರಹಾಲಯ ಸೇರಿತು. 1891ರಲ್ಲಿ ನಿವೃತ್ತರಾದ ಮೇಲೂ ಬರೋಡಾ, ಮೈಸೂರು ಸಂಸ್ಥಾನಗಳಲ್ಲಿ ದುಡಿದ ಅವರು 1912ರ ಡಿಸೆಂಬರ್ 29ರಂದು ತೀರಿಕೊಂಡರು. ಇಂದು ಬಳ್ಳಾರಿಯ ಪುರಾತತ್ವ ಸಂಗ್ರಹಾಲಯಕ್ಕೆ ಅವರದೇ ಹೆಸರಿದೆ.

ಬ್ರೂಸ್‌ಪೇಟೆಯ ಮಕ್ಕಳೇ, ಕಲ್ಲುಗಣಿಗಾರಿಕೆಯಿಂದ ಆ ಬೆಟ್ಟಗಳ ಎಷ್ಟೋ ಕುರುಹುಗಳು ಈಗಾಗಲೇ ಪುಡಿಯಾಗಿವೆ. ಒಡೆದ ಬಂಡೆಯನ್ನು ಮತ್ತೆ ಓದಲಾಗದು. ಉಳಿದದ್ದನ್ನು ಓದಲು ಇತಿಹಾಸ ಕಲಿತವರಷ್ಟೇ ಅಲ್ಲ, ಭೂವಿಜ್ಞಾನ, ರಸಾಯನಶಾಸ್ತ್ರ, ಕಂಪ್ಯೂಟರ್ ನಕ್ಷೆ ಬಲ್ಲವರೂ ಬೇಕು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಈ ವಿದ್ಯೆ ಕಲಿಸುತ್ತಾರೆ. ಪಿಯುಸಿ ಆದಮೇಲೆ ಏನು ಎಂದು ಯೋಚಿಸುವಾಗ ಈ ದಾರಿಯೂ ನೆನಪಿರಲಿ. ಅದಕ್ಕೂ ಮೊದಲು ಒಂದು ಭಾನುವಾರ ಸಂಗನಕಲ್ಲು ಬೆಟ್ಟ ಹತ್ತಿ ನೋಡಿ. ಅಲ್ಲಿನ ಕಲ್ಲನ್ನು ಮಾತ್ರ ಮನೆಗೆ ತರಬೇಡಿ. ಅದು ಇದ್ದಲ್ಲೇ ಇರಲಿ.