ಕಂಡದ್ದನ್ನು ಕಾಪಿಟ್ಟ ಕಾಮತರು

ದಿನವೂ ಕಣ್ಣಿಗೆ ಬೀಳುವ ವಸ್ತುವನ್ನು ನಾವು ನೋಡುವುದೇ ಇಲ್ಲ. ಬೆಳಗಾದರೆ ಬೀದಿಯಲ್ಲಿ ಕೂಗುತ್ತ ಸಾಗುವ ಮೀನುಗಾರ್ತಿಯ ಬುಟ್ಟಿಯನ್ನು ಯಾವುದರಿಂದ ಹೆಣೆದಿದ್ದಾರೆ, ಸಂತೆಯಲ್ಲಿ ಮಡಕೆ ಮಾರುವ ಮುದುಕಿ ತುರುಬನ್ನು ಹೇಗೆ ಕಟ್ಟಿಕೊಂಡಿದ್ದಾಳೆ, ಊರ ದೇವಾಲಯದ ಹೊರಗೋಡೆಯ ಮೇಲೆ ಏನನ್ನು ಚಿತ್ರಿಸಿದ್ದಾರೆ ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಬಹುಮಂದಿ ತಡವರಿಸಬೇಕಾಗುತ್ತದೆ. ನಿತ್ಯದ ಬದುಕು ಎಂದೆಂದಿಗೂ ಹೀಗೆಯೇ ಇರುತ್ತದೆ ಎಂಬ ಭ್ರಮೆಯೇ ಇದಕ್ಕೆ ಕಾರಣ. ಆ ಬದುಕು ಸದ್ದಿಲ್ಲದೆ ಮರೆಯಾಗುತ್ತಿದೆ ಎಂಬುದನ್ನು ಅರಿತು, ಅದನ್ನು ಕ್ಯಾಮರಾದ ಕಣ್ಣಿನಿಂದ ಹಿಡಿದು ಮುಂದಿನವರಿಗಾಗಿ ಕಾಪಿಟ್ಟವರಲ್ಲಿ ಡಾ. ಕೃಷ್ಣಾನಂದ ಕಾಮತರು ಒಬ್ಬರು.

ಶರಾವತಿ ನದಿ ಸಹ್ಯಾದ್ರಿಯನ್ನಿಳಿದು ಅರಬೀ ಸಮುದ್ರವನ್ನು ಸೇರುವ ತಾಣದಲ್ಲಿ ಹೊನ್ನಾವರವಿದೆ. ಅದರ ಉತ್ತರಕ್ಕೆ ಕುಮಟಾ, ದಕ್ಷಿಣಕ್ಕೆ ಭಟ್ಕಳ. ಇವು ಮೂರೂ ಹಳೆಯ ಬಂದರುಗಳು. ಘಟ್ಟದ ಮೇಲಿನ ಮೆಣಸು, ಅಕ್ಕಿ, ಹತ್ತಿಗಳು ಶತಮಾನಗಳ ಕಾಲ ಈ ದಾರಿಯಲ್ಲಿಯೇ ಕಡಲಿಗೆ ಇಳಿದವು. ಹಾಗಾಗಿ ಇಲ್ಲಿನ ಬೀದಿಗಳಲ್ಲಿ ಕನ್ನಡ, ಕೊಂಕಣಿ, ನವಾಯತಿ ಭಾಷೆಗಳು ಒಟ್ಟಿಗೆ ಕೇಳಿಬರುತ್ತವೆ. ದೇವಾಲಯ, ಬಸದಿ, ಮಸೀದಿ, ಇಗರ್ಜಿಗಳು ಒಂದೇ ಕರಾವಳಿಯ ನೆರಳಿನಲ್ಲಿ ನಿಂತಿವೆ. ಇಂತಹ ಹೊನ್ನಾವರದಲ್ಲಿ 1934ರ ಸೆಪ್ಟೆಂಬರ್ 29ರಂದು ಕೃಷ್ಣಾನಂದರು ಜನಿಸಿದರು. ಆಗ ಈ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅದು ಕನ್ನಡ ನಾಡಿನೊಡನೆ ಒಂದುಗೂಡಿದ್ದು 1956ರಲ್ಲಿ. ಮನೆಯ ಮಾತು ಕೊಂಕಣಿ, ಊರಿನ ಮಾತು ಕನ್ನಡ. ಮುಂದೆ ಅವರು ಈ ಎರಡು ಭಾಷೆಗಳಲ್ಲಿಯೂ ಲೇಖಕರಾದರು.

ಕಾಮತರು ಓದಿದ್ದು ವಿಜ್ಞಾನ. ಅದರಲ್ಲಿಯೂ ಅವರ ಮನಸ್ಸನ್ನು ಸೆಳೆದದ್ದು ಕೀಟಗಳ ಲೋಕ. ಉನ್ನತ ವ್ಯಾಸಂಗಕ್ಕಾಗಿ 1960ರ ದಶಕದಲ್ಲಿ ಅಮೆರಿಕೆಗೆ ತೆರಳಿ, ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್ ನಗರದಲ್ಲಿ ಸಂಶೋಧನೆ ನಡೆಸಿ ಡಾಕ್ಟರೇಟ್ ಪದವಿಯನ್ನು ಪಡೆದರು. ಅಲ್ಲಿನ ಅನುಭವಗಳೇ 'ನಾನೂ ಅಮೆರಿಕೆಗೆ ಹೋಗಿದ್ದೆ' ಎಂಬ ಪ್ರವಾಸಕಥನವಾಗಿ ಕನ್ನಡಿಗರ ಕೈಸೇರಿದವು. ಪರದೇಶಕ್ಕೆ ಹೋದವರು ಅಲ್ಲಿನ ವೈಭವಕ್ಕೆ ಮರುಳಾಗಿ ತಮ್ಮ ಊರನ್ನು ಕಿರಿದೆಂದು ಎಣಿಸುವುದುಂಟು. ಕಾಮತರ ವಿಷಯದಲ್ಲಿ ಹಾಗಾಗಲಿಲ್ಲ. ಅವರು ತಾಯ್ನಾಡಿಗೆ ಹಿಂದಿರುಗಿದರು. ಇಲ್ಲಿನ ಬದುಕನ್ನೇ ತಮ್ಮ ಅಧ್ಯಯನದ ವಿಷಯವನ್ನಾಗಿ ಮಾಡಿಕೊಂಡರು.

ಕೀಟವನ್ನು ಅಭ್ಯಸಿಸುವವನಿಗೆ ತಾಳ್ಮೆ ಬೇಕು. ಕಾಲಡಿಯಲ್ಲಿ ಹರಿಯುವ ಇರುವೆಯೂ ಅವನಿಗೆ ಕ್ಷುಲ್ಲಕವಲ್ಲ. ಅದು ಎಲ್ಲಿಂದ ಬಂತು, ಏನನ್ನು ಹೊತ್ತಿದೆ, ಯಾರೊಡನೆ ಬಾಳುತ್ತಿದೆ ಎಂದು ಅವನು ಗಂಟೆಗಟ್ಟಲೆ ಕಾದು ನೋಡುತ್ತಾನೆ. ಈ ಅಭ್ಯಾಸದಿಂದಲೇ ಕಾಮತರು 'ಕೀಟ ಜಗತ್ತು', 'ಇರುವೆಯ ಇರವು', 'ಸರ್ಪ ಸಂಕುಲ', 'ಪಶು ಪಕ್ಷಿ ಪ್ರಪಂಚ' ಮೊದಲಾದ ಕೃತಿಗಳನ್ನು ರಚಿಸಿ, ವಿಜ್ಞಾನವನ್ನು ತಿಳಿಗನ್ನಡದಲ್ಲಿ ಹೇಳಿದರು. ಇದೇ ಅಭ್ಯಾಸ ಅವರ ಕ್ಯಾಮರಾದ ಹಿಂದೆಯೂ ಇತ್ತು. ಇರುವೆಯನ್ನು ಕಡೆಗಣಿಸದ ಕಣ್ಣು ಸಂತೆಯ ಮೂಲೆಯಲ್ಲಿ ಕುಳಿತ ಮುದುಕಿಯನ್ನು ಕಡೆಗಣಿಸೀತೇ?

ಅಂದಿನ ಛಾಯಾಗ್ರಹಣದ ಬಗೆಯನ್ನು ಇಂದಿನ ವಿದ್ಯಾರ್ಥಿಗಳು ಊಹಿಸಿಕೊಳ್ಳುವುದು ಕಷ್ಟ. ಫಿಲ್ಮಿನ ಒಂದು ಸುರುಳಿಯಲ್ಲಿ ಸಾಮಾನ್ಯವಾಗಿ ಹೆಚ್ಚೆಂದರೆ ಮೂವತ್ತಾರು ಚಿತ್ರಗಳು ಮೂಡುತ್ತಿದ್ದವು. ತೆಗೆದ ಚಿತ್ರ ಹೇಗೆ ಬಂದಿದೆಯೆಂಬುದು ಕತ್ತಲ ಕೋಣೆಯಲ್ಲಿ ರಾಸಾಯನಿಕ ದ್ರವಗಳಲ್ಲಿ ಅದನ್ನು ಸಂಸ್ಕರಿಸಿದ ಬಳಿಕವೇ ತಿಳಿಯುತ್ತಿತ್ತು. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಕರಾವಳಿಯಲ್ಲಿ ನೆಗೆಟಿವ್‌ಗಳಿಗೆ ಬೂಷ್ಟು ಹಿಡಿಯುವ ಭಯ ಬೇರೆ. ಮದುವೆ, ಮುಂಜಿಗಳಂತಹ ವಿಶೇಷ ಸಂದರ್ಭಗಳಿಗಷ್ಟೇ ಜನ ಚಿತ್ರ ತೆಗೆಸುತ್ತಿದ್ದ ಕಾಲವದು. ಅಂತಹ ದಿನಗಳಲ್ಲಿ ಎತ್ತಿನಗಾಡಿ, ಕುಂಬಾರನ ತಿಗರಿ, ಅಡುಗೆಮನೆಯ ಪಾತ್ರೆ, ಅಂಗಳದ ರಂಗವಲ್ಲಿ, ಹೆಂಗಸರ ಕೇಶವಿನ್ಯಾಸ ಇಂಥವುಗಳಿಗಾಗಿ ಫಿಲ್ಮನ್ನು ವ್ಯಯಿಸುವುದು ಹಲವರಿಗೆ ಹುಚ್ಚಾಗಿ ತೋರುವುದು ಸಹಜ. ಕಾಮತರಿಗೆ ಅದು ಹುಚ್ಚಾಗಿರಲಿಲ್ಲ. ಅದು ಚರಿತ್ರೆಯ ದಾಖಲೆಯಾಗಿತ್ತು. ಅರಸರ ಚರಿತ್ರೆಗೆ ಶಾಸನಗಳಿವೆ. ಬೀದಿಯಲ್ಲಿ ಬಾಳಿದವರ ಚರಿತ್ರೆಗೆ ಶಾಸನವನ್ನು ಬರೆಸುವವರು ಯಾರು?

ತವರಿನ ಕರಾವಳಿ ಅವರಿಗೆ ಬತ್ತದ ಗಣಿಯಾಯಿತು. ಕೊರಳ ತುಂಬ ಮಣಿಸರಗಳನ್ನು ಧರಿಸುವ ಹಾಲಕ್ಕಿ ಒಕ್ಕಲಿಗ ಸ್ತ್ರೀಯರು, ಹೊರೆ ಹೊತ್ತು ಸಾಗುವ ಶ್ರಮಿಕರು, ಊರ ಜಾತ್ರೆ, ತೇರು, ಹಬ್ಬಗಳು ಇಲ್ಲಿನ ಸಮುದಾಯದ ಬದುಕಿನ ಜೀವಾಳ. ಹೋಳಿಯ ದಿನಗಳಲ್ಲಿ ತಲೆಗೆ ಬಣ್ಣದ ತುರಾಯಿ ಕಟ್ಟಿ ಮನೆಮನೆಯ ಅಂಗಳಕ್ಕೆ ಬರುವ ಸುಗ್ಗಿ ಕುಣಿತದವರದು ಒಂದು ಲೋಕವಾದರೆ, ಇರುಳೆಲ್ಲ ನಡೆಯುವ ಯಕ್ಷಗಾನದ್ದು ಇನ್ನೊಂದು ಲೋಕ. ಕಾಮತರು ಹುಟ್ಟಿದ 1934ರಲ್ಲಿಯೇ ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳವನ್ನು ಕಟ್ಟಿದ್ದರು. ಇಂತಹ ಕಲಾಶ್ರೀಮಂತ ನೆಲದಲ್ಲಿ ಬೆಳೆದ ಕಾಮತರು ಜನಪದರ ಕಲೆಯನ್ನೂ ದುಡಿಮೆಯನ್ನೂ ಸಮಾನ ಗೌರವದಿಂದ ಕಂಡರು.

ಅವರ ಕಾರ್ಯದ ಮಹತ್ತ್ವ ಎದ್ದುಕಾಣುವುದು ಕಾವಿ ಕಲೆಯ ವಿಷಯದಲ್ಲಿ. ಗೋವೆಯಿಂದ ಭಟ್ಕಳದವರೆಗಿನ ಕರಾವಳಿಯ ಹಳೆಯ ದೇವಾಲಯಗಳ ಬಿಳಿಯ ಗೋಡೆಗಳ ಮೇಲೆ ಕೆಂಪು ಬಣ್ಣದ ಚಿತ್ರಗಳನ್ನು ರಚಿಸುವ ಪದ್ಧತಿಯೊಂದಿತ್ತು. ಕಡಲಚಿಪ್ಪನ್ನು ಸುಟ್ಟು ಮಾಡಿದ ಸುಣ್ಣಕ್ಕೆ ಮರಳನ್ನೂ ಬೆಲ್ಲದ ನೀರನ್ನೂ ಬೆರೆಸಿ, ಹಲವು ದಿನ ಕೊಳೆಹಾಕಿ, ಚೆನ್ನಾಗಿ ಕುಟ್ಟಿ ಹದಗೊಳಿಸಿ ಗೋಡೆಗೆ ಗಿಲಾವು ಮಾಡುತ್ತಿದ್ದರು. ಅದರ ಮೇಲೆ ಕಾವಿಮಣ್ಣಿನ ಕೆಂಪು ಲೇಪ. ಲೇಪ ಹಸಿಯಾಗಿರುವಾಗಲೇ ಚೂಪಾದ ಕಂಟದಿಂದ ಗೆರೆ ಕೊರೆದು, ಬೇಡವಾದ ಕೆಂಪನ್ನು ಕೆರೆದು ತೆಗೆದರೆ ಅಡಿಯ ಬಿಳುಪು ಹೊರಹೊಮ್ಮಿ ಚಿತ್ರ ಮೂಡುತ್ತಿತ್ತು. ದೇವತೆಗಳು, ಪುರಾಣದ ಪ್ರಸಂಗಗಳು, ಬಳ್ಳಿ ಹೂವುಗಳು, ಜನರ ನಿತ್ಯದ ಬದುಕು ಎಲ್ಲಕ್ಕೂ ಆ ಗೋಡೆಯಲ್ಲಿ ಸ್ಥಾನವಿತ್ತು. ಕರಾವಳಿಯ ಉಪ್ಪುಗಾಳಿಯನ್ನೂ ಬಿರುಮಳೆಯನ್ನೂ ತಡೆದು ತಲೆಮಾರುಗಳ ಕಾಲ ಬಾಳಿದ ಕಲೆಯದು.

ಮಳೆಗೆ ಅಳಿಯದ ಆ ಕಲೆ ಮನುಷ್ಯರ ಕೈಯಿಂದ ಅಳಿಯತೊಡಗಿತು. ಸಿಮೆಂಟು, ಎಣ್ಣೆಬಣ್ಣಗಳು ಬಂದವು. ಸುಣ್ಣವನ್ನು ಹದಗೊಳಿಸುವ ಕೆಲಸಗಾರರು ವಿರಳವಾದರು. ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಗೋಡೆಗಳನ್ನು ಕೆಡವಿ ಹೊಸ ಗೋಡೆಗಳನ್ನು ಎಬ್ಬಿಸಿದರು. ಕೆಡವಿದವರಲ್ಲಿ ದುರುದ್ದೇಶವಿರಲಿಲ್ಲ, ದೇವರಿಗೆ ಒಳ್ಳೆಯ ಗುಡಿಯಾಗಲಿ ಎಂಬ ಭಕ್ತಿಯೇ ಇತ್ತು. ಆದರೆ ತಮ್ಮ ಗೋಡೆಯ ಮೇಲೆ ಏನಿತ್ತೆಂಬ ಅರಿವು ಅವರಿಗಿರಲಿಲ್ಲ. ಕಾಮತರು ಊರಿಂದೂರಿಗೆ ಅಲೆದು ಉಳಿದ ಚಿತ್ರಗಳನ್ನು ಹುಡುಕಿ, ಛಾಯಾಚಿತ್ರಗಳನ್ನು ತೆಗೆದು, ರೇಖಾಚಿತ್ರಗಳನ್ನು ಬರೆದುಕೊಂಡರು. ಆ ಕಲೆಯ ಬಗ್ಗೆ ಕನ್ನಡದಲ್ಲಿಯೂ ಕೊಂಕಣಿಯಲ್ಲಿಯೂ ಗ್ರಂಥಗಳನ್ನು ರಚಿಸಿದರು. ಗೋಡೆ ಬಿದ್ದರೆ ಮತ್ತೆ ಕಟ್ಟಬಹುದು. ಅದರ ಮೇಲಿನ ಚಿತ್ರ ಒಮ್ಮೆ ಹೋದರೆ ಹೋಯಿತು. ಇಂತಹ ಕಲೆಗೆ ಛಾಯಾಚಿತ್ರವೇ ಕೊನೆಯ ಆಸರೆ.

ತನ್ನ ಊರನ್ನು ಗೌರವದಿಂದ ನೋಡಲು ಕಲಿತವನು ಪರರ ಊರನ್ನೂ ಹಾಗೆಯೇ ನೋಡಬಲ್ಲ. ಕಾಮತರು ಬಂಗಾಳದಲ್ಲಿ ಸಂಚರಿಸಿ 'ವಂಗ ದರ್ಶನ'ವನ್ನೂ, ಮಧ್ಯಭಾರತದ ಆದಿವಾಸಿಗಳ ನಡುವೆ ಅಲೆದಾಡಿ 'ಬಸ್ತರ್ ಪ್ರವಾಸ'ವನ್ನೂ ಬರೆದರು. ಅಲ್ಲಿಯೂ ಅವರ ಗಮನ ಹರಿದದ್ದು ಅರಮನೆಗಳತ್ತ ಅಲ್ಲ. ಜನರ ಉಡುಗೆತೊಡುಗೆ, ಸಂತೆ, ಕುಸುರಿಕೆಲಸಗಳತ್ತ. ಈ ದೀರ್ಘ ಸಾಧನೆಯಲ್ಲಿ ಅವರಿಗೆ ಜೊತೆಯಾದವರು ಪತ್ನಿ ಡಾ. ಜ್ಯೋತ್ಸ್ನಾ ಕಾಮತರು. ಅವರು ಇತಿಹಾಸದ ವಿದ್ವಾಂಸೆ, ಲೇಖಕಿ. ಆಕಾಶವಾಣಿಯಲ್ಲಿ ಅಧಿಕಾರಿಯಾಗಿ ಸೇವೆ ಸಲ್ಲಿಸಿದವರು. ಪತಿಯ ಚಿತ್ರ, ಪತ್ನಿಯ ಚರಿತ್ರೆ ಎರಡೂ ಒಂದಕ್ಕೊಂದು ಪೂರಕವಾದವು.

2002ರ ಫೆಬ್ರವರಿ 20ರಂದು ಕೃಷ್ಣಾನಂದ ಕಾಮತರು ನಿಧನ ಹೊಂದಿದರು. ಅವರ ಬದುಕಿನ ಕೊನೆಯ ವರ್ಷಗಳಲ್ಲಿಯೇ ಅವರ ಮಗ ಆ ಛಾಯಾಚಿತ್ರಗಳನ್ನು ಅಂತರಜಾಲಕ್ಕೆ ಏರಿಸಲು ತೊಡಗಿದ್ದರು. ಹೀಗಾಗಿ ಕರಾವಳಿಯ ಪುಟ್ಟ ಊರುಗಳ ಬದುಕನ್ನು ಜಗತ್ತಿನ ಯಾವ ಮೂಲೆಯಲ್ಲಿರುವವರೂ ನೋಡುವಂತಾಯಿತು. ಬೂಷ್ಟು ಹಿಡಿದು ಹಾಳಾಗಬಹುದಾಗಿದ್ದ ನೆಗೆಟಿವ್‌ಗಳಿಗೆ ಹೊಸ ಆಯುಸ್ಸು ದೊರೆಯಿತು.

ಕಾಮತರ ಕಾಲಕ್ಕೆ ಕ್ಯಾಮರಾ ದುರ್ಲಭವಾಗಿತ್ತು. ಇಂದು ಅದು ಬಹುಪಾಲು ಮನೆಗಳಲ್ಲಿದೆ. ಆದರೆ ಕಣ್ಣು? ನಿಮ್ಮ ಊರಿನ ಕಮ್ಮಾರನ ಕುಲುಮೆ, ಹಳೆಯ ಹೆಂಚಿನ ಮನೆ, ಅಜ್ಜಿಯ ಕೈಯ ಒನಕೆ, ವರ್ಷಕ್ಕೊಮ್ಮೆ ಬರುವ ತೇರು ಇವನ್ನೆಲ್ಲ ನೀವು ಒಮ್ಮೆಯಾದರೂ ನಿಂತು ನೋಡಿದ್ದೀರಾ? ಯಂತ್ರವನ್ನು ಅಂಗಡಿಯಲ್ಲಿ ಕೊಳ್ಳಬಹುದು. ನೋಟವನ್ನು ನಾವೇ ಬೆಳೆಸಿಕೊಳ್ಳಬೇಕು. ಇರುವೆಯಿಂದ ದೇವಾಲಯದ ಗೋಡೆಯವರೆಗೆ ಯಾವುದನ್ನೂ ಅಲ್ಪವೆಂದು ಎಣಿಸದೆ ಬಾಳಿದ ಕಾಮತರ ಜೀವನ ನಮಗೆ ಕಲಿಸುವ ಪಾಠ ಇದೇ ಆಗಿದೆ.